ನಿಹಾಲಳ ಉಸಿರು

ತೆಕ್ಕುಂಪಾಡದ ಸರ್ಕಾರಿ ಶಾಲೆಗೆ ಒಪ್ಪನ, ಅಂದರೆ ಮದುವೆ ಮನೆಯ ಹಾಡುಕುಣಿತ, ಕಲಿಸೋದಕ್ಕೆ ಜುಮೈಲ ಬರ್ತಾಳೆ ಅಂತ ಗೊತ್ತಾದ ದಿನ ಹುಡುಗಿಯರೆಲ್ಲ ಮನೆಯಿಂದ ಬಳೆ, ತಲೆಗೆ ಹೊದೆಯುವ ಜರಿಯ ತಟ್ಟಂ, ಉಮ್ಮಂದಿರ ಕಾಡಿಗೆ ಡಬ್ಬಿ ಎಲ್ಲ ಹೊತ್ತು ತಂದಿದ್ದರು. ಅವಳು ಬಂದವಳೇ ಅವನ್ನೆಲ್ಲ ವಾಪಸ್ ಚೀಲಕ್ಕೆ ಹಾಕಿಸಿ, ಬಿಸಿಯೂಟದ ಅಡುಗೆಯವಳ ಹತ್ತಿರ ಹೋಗಿ ಒಂದು ಮೊರ ಇಸಕೊಂಡು ಬಂದಳು.

"ಅಕ್ಕಿ ಕೇರೋಕೆ ಯಾರಿಗೆ ಬರುತ್ತೆ?"

ಯಾರಿಗೂ ಬರುತ್ತಿರಲಿಲ್ಲ. ಎಲ್ಲಿಂದ ಬರಬೇಕು, ಈಗಿನ ಮಕ್ಕಳಿಗೆ ಅಕ್ಕಿ ಅಂದರೆ ಪ್ಯಾಕೆಟ್ಟಿನಲ್ಲಿ ಹುಟ್ಟೋ ವಸ್ತು.

"ಮದುವೆ ಹೆಣ್ಣಿನ ಸುತ್ತ ಕೈ ತಟ್ಟೋಕೆ ಬಂದಿದ್ದೀರಿ, ಮೊರ ಹಿಡಿಯೋಕೆ ಬರಲ್ಲ. ಭೇಷ್," ಅಂದಳು ಜುಮೈಲ. "ಬನ್ನಿ ಇಲ್ಲಿ. ಮೊದಲು ಇದು."

ಪಾಠ ಶುರುವಾಗಿದ್ದು ಹೀಗೆ. ಮೊರ ಮೇಲೆ ಹೋಗಿ ಕೆಳಗೆ ಬರುವ ಲಯಕ್ಕೆ ಮೈ ತೂಗಬೇಕು, ಹಾಡು ಅದರ ಮೇಲೆ ಕೂತು ಹೋಗಬೇಕು. ಅದು ಚಾಯಲ್, ಒಪ್ಪನದ ನಿಧಾನದ ಭಾಗ. ತೆಂಗಿನಕಾಯಿ ತುರಿಯುವ ಹಾಗೆ ಕೈಯಾಡಿದರೆ ಮುರುಕ್ಕಂ, ಬಿರುಸಿನ ಭಾಗ. ಮೆಲ್ಲಗೆ ತಟ್ಟೋದು ಅಂದರೆ ಮಲಗಿದ ಕೂಸಿನ ಬೆನ್ನು ತಟ್ಟುವ ಹಾಗೆ, ಅಂಗೈಯನ್ನ ಬೋಗುಣಿ ಮಾಡಿ. ಜೋರಾಗಿ ಅಂದರೆ ಒಣಗಿಹಾಕಿದ ಅಕ್ಕಿಗೆ ಬಂದ ಕಾಗೆ ಓಡಿಸುವ ಹಾಗೆ. ಹಾಡುತ್ತ, ಶಾಲೆಯ ಬಾವಿಯ ಸುತ್ತ ಸುತ್ತುತ್ತ, ಹುಡುಗಿಯರು ಒಂದು ವಾರ ಇಲ್ಲದ ಅಕ್ಕಿ ಕೇರಿದರು, ಇಲ್ಲದ ಕಾಯಿ ತುರಿದರು, ಇಲ್ಲದ ಕಾಗೆ ಓಡಿಸಿದರು. ಗಣಿತದ ಮೇಷ್ಟ್ರು ಕಿಟಕಿಯಲ್ಲಿ ತಲೆಹಾಕಿ, "ಊಟ ಎಷ್ಟೊತ್ತಿಗೆ ರೆಡಿ?" ಅಂತ ಕಿಚಾಯಿಸಿದರು. ಕಿಚಾಯಿಸಲಿ. ವಾರ ಕಳೆದ ಮೇಲೆ ಹತ್ತು ಜನರ ಚಪ್ಪಾಳೆ ಒಂದೇ ಚಪ್ಪಾಳೆಯಾಗಿ ಬಿತ್ತು ನೋಡಿ, ಆಗ ಅದೇ ಮೇಷ್ಟ್ರು ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟು ಕೇಳುತ್ತ ನಿಂತರು.

"ತಾಳ ಕೈಯಲ್ಲಿರಲ್ಲ, ಹಿಮ್ಮಡೀಲಿರುತ್ತೆ," ಅನ್ನೋದು ಜುಮೈಲಳ ದಿನದ ಮಾತು. "ಕೈ ಮರೆತರೂ ಪರವಾಗಿಲ್ಲ, ಬಾಯಿ ಮರೆತರೂ ಪರವಾಗಿಲ್ಲ. ಕಾಲು ನಿಂತ್ರೆ ಮಾತ್ರ ನೀವು ಸತ್ತಿರಿ ಅಂತ ತಿಳ್ಕೊಳ್ಳಿ."

ಊರಿಗೆಲ್ಲ ಅವಳು ಇತ್ತಾತ, ಅಂದರೆ ಅಕ್ಕ. ನಿಹಾಲಳಿಗೆ ಮಾತ್ರ ಅಕ್ಕನಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು.

ನಿಹಾಲ ಏಳನೇ ಕ್ಲಾಸು. ಕಡ್ಡಿಯಂಥ ಹುಡುಗಿ. ಗಂಟಲು ಜೇನು, ಎದೆ ತೂತುಬಿದ್ದ ತಿದಿ. ಹುಟ್ಟಿದ ಮೂರನೇ ವರ್ಷಕ್ಕೇ ದಮ್ಮು ಅಂಟಿಕೊಂಡಿತ್ತು. ಅವಳ ಉಮ್ಮ ಸಾಬಿರ ಹೊಲಿಗೆ ಕೇಂದ್ರಕ್ಕೆ ಹೋಗೋವಾಗಲೂ ಮಗಳ ದಮ್ಮಿನ ಔಷಧದ ಎರಡನೇ ಪಂಪನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಹೋಗೋದು. ಶಾಲೆಯಲ್ಲಿ ಓಟ ಇಲ್ಲ, ಕಬಡ್ಡಿ ಇಲ್ಲ, ಮಳೆಯಲ್ಲಿ ನೆನೆಯೋದಂತೂ ಇಲ್ಲವೇ ಇಲ್ಲ. "ಪಾಪ, ಅವಳು ಕೂತಿರಲಿ," ಅನ್ನೋದನ್ನ ಕೇಳಿ ಕೇಳಿ ಆ ಮಗುವಿಗೆ ಸಾಕಾಗಿ ಹೋಗಿತ್ತು. ಜುಮೈಲ ಮೊದಲ ದಿನ ಒಬ್ಬೊಬ್ಬರ ಕೈಲೂ ಒಂದು ಸಾಲು ಹಾಡಿಸಿದಳು. ನಿಹಾಲ ಹಾಡಿದ ಮೇಲೆ ಬೇರೆ ಯಾರದನ್ನೂ ಕೇಳಲಿಲ್ಲ.

"ಮುಂಗಾಯಕಿ ಇವಳು," ಅಂದಳು.

ಶ್ರೀಜ ಟೀಚರ್ ಹತ್ತಿರ ಬಂದು ಮೆಲ್ಲಗೆ, "ಜುಮೈಲ, ಆ ಹುಡುಗಿಗೆ ಉಬ್ಬಸ ಇದೆ," ಅಂದರು.

"ಇರಲಿ ಬಿಡಿ ಟೀಚರ್. ನನಗೆ ಸಕ್ಕರೆ ಕಾಯಿಲೆ ಇದೆ, ನಾನು ಕುಣೀತಾ ಇಲ್ವಾ?"

ಅವತ್ತಿನಿಂದ ನಿಹಾಲ ಜುಮೈಲಳ ಸೆರಗು ಬಿಟ್ಟಿದ್ದಿಲ್ಲ.

ಚಾಯಲ್ ಏನೋ ಸಲೀಸು. ಕಷ್ಟ ಇದ್ದದ್ದು ಮುರುಕ್ಕಂನಲ್ಲಿ. ಮದರಂಗಿ ಎಷ್ಟು ಕೆಂಪೇರಿತು, ಗಂಡಿನ ಕಡೆಯವರ ದೋಣಿ ಎಲ್ಲಿಗೆ ಬಂತು ಅಂತ ಹೆಣ್ಣನ್ನ ಕೆಣಕುವ ಹಾಡು ಅದು. ಸಾಲಿನ ಮೇಲೆ ಸಾಲು ಬೀಳುತ್ತೆ, ನಡುವೆ ಸೂಜಿ ಹೋಗುವಷ್ಟು ಜಾಗ ಇರಲ್ಲ. ಉಳಿದವರು ಹಿಂದಿನಿಂದ ಎತ್ತಿಕೊಳ್ಳುವಾಗ ಒಂದಿಷ್ಟು ಉಸಿರು ಕದಿಯಬಹುದು, ಆದರೆ ಕೊನೆಯ ಸುತ್ತು ಮುಂಗಾಯಕಿ ಒಬ್ಬಳದೇ. ಒಂದು ಮಧ್ಯಾಹ್ನ ಆ ಸುತ್ತಿನ ನಟ್ಟನಡುವೆ ನಿಹಾಲಳ ಎದೆ ಕಟ್ಟಿತು. ಬಾಯಿ ತೆರೆದಿದೆ, ದನಿ ಇಲ್ಲ. ಹುಡುಗಿಯರು ಗಾಬರಿಯಾಗಿ ಕೈ ತಟ್ಟೋದನ್ನ ಬಿಟ್ಟರು. ಆದರೆ ವಾರಗಟ್ಟಲೆ ಬೈಸಿಕೊಂಡ ಕಾಲುಗಳಲ್ಲವೇ, ಅವು ನಿಲ್ಲಲಿಲ್ಲ. ಹಾಡಿಲ್ಲ, ಚಪ್ಪಾಳೆಯಿಲ್ಲ, ಬರೀ ಹಿಮ್ಮಡಿಗಳು ಮಣ್ಣಿಗೆ ಬೀಳುವ ಸದ್ದು. ಜುಮೈಲ ಕೈ ಎತ್ತಿದಳು, ಹಾಗೇ ಇರಿ ಅನ್ನುವಂತೆ. ಅಷ್ಟರಲ್ಲಿ ನಿಹಾಲಳಿಗೆ ಎಳೆಯಷ್ಟು ಉಸಿರು ಸಿಕ್ಕಿತು. ಸಿಕ್ಕಷ್ಟರಲ್ಲೇ, ಪಿಸುಮಾತಿನಷ್ಟು ಸಣ್ಣಗೆ, ಬಿಟ್ಟ ಸಾಲನ್ನ ಎತ್ತಿದಳು. ಯಾರೂ ಹೇಳದೆಯೇ ಹುಡುಗಿಯರ ಕೈ ಬೋಗುಣಿಯಾಯಿತು. ಕೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿದರು.

ಹಾಡು ಮುಗಿಯಿತು. ಮದುವೆ ಹೆಣ್ಣಾಗಿ ಕುರ್ಚಿಯಲ್ಲಿ ಕೂತಿದ್ದ ಫಿದ, ಬಾಯಿಗೆ ಬೀಗ ಇಲ್ಲದ ಹುಡುಗಿ, ಎದ್ದು ಬಂದು ನಿಹಾಲಳ ಕೈಗೆ ಪಂಪು ಕೊಟ್ಟಳು.

"ಸಾರಿ ಇತ್ತಾತ," ಅಂದಳು ನಿಹಾಲ.

ಜುಮೈಲ ಅವಳ ಎರಡೂ ಕೆನ್ನೆ ಹಿಡಿದುಕೊಂಡಳು. ಕಣ್ಣು ತೇವವಾಗಿತ್ತು, ಅದು ಸುಳ್ಳಲ್ಲ. "ಮೋಳೆ, ಮಗಳೇ, ನಾನು ಚಿಕ್ಕಂದಿನಿಂದ ಒಪ್ಪನ ಮಾಡ್ತಿದ್ದೀನಿ. ನಮ್ಮುಮ್ಮ ಮಾಡ್ತಿದ್ರು. ಯಾರೂ ಇಲ್ಲಿ ನಿಲ್ಲಿಸಿಲ್ಲ. ಇದು ನಿಂದು ಕಣೇ. ಇದಕ್ಕೆ ನಿಹಾಲಳ ಉಸಿರು ಅಂತಲೇ ಹೆಸರು."

ಆಮೇಲೆ ಎಲ್ಲರನ್ನೂ ಬಾವಿಕಟ್ಟೆಯ ಹತ್ತಿರ ಕೂರಿಸಿ ಆಣೆ ಮಾಡಿಸಿದಳು. ಶಾಲೆಗಳ ಸ್ಪರ್ಧೆ, ಕಲೋತ್ಸವದ ವೇದಿಕೆ ಹತ್ತುವವರೆಗೆ ಇದು ಆಚೆ ಹೋಗಕೂಡದು. ಮನೆಯಲ್ಲಿ ಹಾಡಕೂಡದು, ಫೋನಿನಲ್ಲಿ ಹಿಡಿಯಕೂಡದು, ಉಮ್ಮನಿಗೂ ಹೇಳಕೂಡದು. ಅಲ್ಲಾಹನಾಣೆ ಅಂತ ಒಬ್ಬೊಬ್ಬಳೂ ಅಂದರು.

ಫಿದ ಕೇಳಿಯೇ ಬಿಟ್ಟಳು. "ಇತ್ತಾತ, ನೀವು ಮಾನುಹಾಜಿ ಶಾಲೆಗೂ ಹೋಗ್ತೀರಲ್ಲ, ಅವರಿಗೆ?"

ಮಾನುಹಾಜಿ ಶಾಲೆ ಅಂದರೆ ಹೆದ್ದಾರಿಯ ಪಕ್ಕದ ದೊಡ್ಡ ಶಾಲೆ, ಮೂರು ಅಂತಸ್ತು, ಮೂರು ಬಸ್ಸು. ಜುಮೈಲ ಅಲ್ಲಿಗೂ ಹೋಗೋದು ಗುಟ್ಟೇನಲ್ಲ. ಕಲಿಸುವವರು ನಾಲ್ಕು ಶಾಲೆಗೆ ಹೋಗೋದು ನಮ್ಮ ಕಡೆ ಮಾಮೂಲು, ಯಾರೂ ಕೊಂಕು ಮಾತಾಡಲ್ಲ.

"ಹೆತ್ತೋಳು ಎಲ್ಲ ಮಕ್ಕಳಿಗೂ ಒಂದೇ ಹೆಸರಿಡ್ತಾಳೇನೇ?" ಅಂದಳು ಜುಮೈಲ. "ಅವರ ಹಾಡು ಬೇರೆ, ಹೆಜ್ಜೆ ಬೇರೆ. ಇವಳ ಉಸಿರು ಅವರಿಗ್ಯಾಕೆ?"

ಹುಡುಗಿಯರು ನಕ್ಕರು. ನಿಹಾಲ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ಆಣೆ ಅವಳಿಗೆ ಎಷ್ಟು ಭಾರ ಬಿತ್ತು ಅನ್ನೋದನ್ನೂ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ದೊಡ್ಡಪ್ಪನ ಮಗಳ ಮದುವೆ ಬಂತು. ಹಿಂದಿನ ದಿನ ಮದರಂಗಿಗೆ ನೆಂಟರೆಲ್ಲ ಸೇರಿದ್ದಾರೆ, ಅಕ್ಕಿರೊಟ್ಟಿಯಂಥ ಪತ್ತಿರಿ ಬೇಯುತ್ತಿದೆ, ವಲ್ಯುಮ್ಮ ಮೊಮ್ಮಗಳನ್ನ ಎಳೆದು ತಂದು ನಡುಮನೆಯಲ್ಲಿ ನಿಲ್ಲಿಸಿದರು. "ಕಲೋತ್ಸವಕ್ಕೆ ಅಂತ ಕಲೀತಾ ಇದಾಳಂತಲ್ಲ, ಹಾಡಲಿ."

ನಿಹಾಲ ಹಾಡಿದಳು. ಚಾಯಲ್ ಮುಗಿಯೋ ಹೊತ್ತಿಗೆ ಹೆಂಗಸರು ತಲೆದೂಗುತ್ತಿದ್ದರು. ಮುರುಕ್ಕಂ ಬಂತು, ಕೊನೆಯ ಸುತ್ತೂ ಬಂತು. ಅಲ್ಲಿ ನಿಲ್ಲಿಸಿ, ಕಾಲಲ್ಲಿ ನಡೆಸಿ, ಉಸಿರು ತಗೊಂಡು ಬಂದಿದ್ದರೆ ಆ ನಡುಮನೆ ಅವಳದ್ದಾಗುತ್ತಿತ್ತು. ಆದರೆ ಆಣೆ ಇದೆಯಲ್ಲ. ನಿಲ್ಲಿಸದೆ ನುಗ್ಗಿದಳು. ಎರಡನೇ ಸಾಲಿಗೆ ದನಿ ಸೀಳಿತು, ಮೂರನೆಯದಕ್ಕೆ ಕೆಮ್ಮು ಬಂತು, ಸಾಬಿರ ಪಂಪು ಹಿಡಿದು ಓಡಿಬಂದಳು. ಯಾರೋ ಅತ್ತೆ, "ಇವಳನ್ನ ವೇದಿಕೆಗೆ ಹತ್ತಿಸ್ತಾರಂತಾ? ಆಂಬುಲೆನ್ಸೂ ಜೊತೇಲಿ ಕರ್ಕೊಂಡು ಹೋಗ್ಲಿ," ಅಂದಳು. ನಡುಮನೆಯೆಲ್ಲ ನಗು.

ಸಾಬಿರಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದ ಮೇಲೆ, "ಅಲ್ಲಿ ಹೇಗೆ ಹಾಡ್ತೀಯ ಹಾಗಾದ್ರೆ? ಉಸಿರು ಸಾಲಲ್ವಲ್ಲ ನಿಂಗೆ," ಅಂತ ಕೇಳಿದಳು.

"ಅಲ್ಲಿ ಬೇರೆ ಥರ ಇದೆ ಉಮ್ಮ."

"ಏನು ಬೇರೆ? ಹಾಡಿ ತೋರಿಸು."

"ಆಗಲ್ಲ. ಆಣೆ ಮಾಡಿದೀನಿ."

ಹೆತ್ತ ತಾಯಿಗೇ ಬಾಯಿ ಬಿಡಲಿಲ್ಲ ಆ ಹುಡುಗಿ. ಸಾಬಿರ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಿಹಾಲ ಮಾತ್ರ ಮಾರನೇ ದಿನ ಜುಮೈಲಳ ಹತ್ತಿರ ಹೋಗಿ, ನಾನು ಹೇಳಲಿಲ್ಲ ಇತ್ತಾತ, ಎಲ್ಲರೂ ನಕ್ಕರೂ ಹೇಳಲಿಲ್ಲ, ಅಂತ ಹೆಮ್ಮೆಯಿಂದ ವರದಿ ಒಪ್ಪಿಸಿದಳು. ಜುಮೈಲ ಅವಳ ತಲೆ ಸವರಿ, "ಚಿನ್ನ ಕಣೇ ನೀನು," ಅಂದಳು. ಆಗಲೇ ಅವಳು ಚಿನ್ನವನ್ನ ಬೇರೆ ಕಡೆ ಕರಗಿಸೋಕೆ ಕೊಟ್ಟಾಗಿತ್ತು ಅನ್ನೋದು ಮಗುವಿಗೆ ಹೇಗೆ ಗೊತ್ತಾಗಬೇಕು.

ಉಪಜಿಲ್ಲಾ ಕಲೋತ್ಸವ ಆ ಸಲ ಹೊಳೆಯಾಚೆಯ ಒಂದು ಹೈಸ್ಕೂಲಿನಲ್ಲಿ ನಡೆಯಿತು. ಅಂಗಳದಲ್ಲಿ ಪೆಂಡಾಲು, ಕ್ಲಾಸ್‌ರೂಮುಗಳೆಲ್ಲ ಮೇಕಪ್ ರೂಮು, ಬೋರ್ಡಿನ ಮೇಲೆ ಅರ್ಧ ಅಳಿಸಿದ ಬೀಜಗಣಿತ. ಚೀಟಿ ಎತ್ತಿದಾಗ ಮಾನುಹಾಜಿ ಶಾಲೆ ಮೊದಲು, ಅದರ ಬೆನ್ನಿಗೇ ತೆಕ್ಕುಂಪಾಡ. ಪೆಂಡಾಲಿನ ಹಿಂದಿನ ಕೋಣೆಯಲ್ಲಿ ಹುಡುಗಿಯರು ಕಾಚಿ ಮುಂಡು ಉಟ್ಟು, ಉದ್ದ ತೋಳಿನ ಕಪ್ಪು ಕುಪ್ಪಾಯ ತೊಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಅಲುಗಾಡದೆ ನಿಂತಿದ್ದರು. ಜುಮೈಲ ನಿಹಾಲಳ ಹಿಂದೆ ನಿಂತು ಅವಳ ತಟ್ಟಂಗೆ ಪಿನ್ನು ಚುಚ್ಚುತ್ತಿದ್ದಳು.

ವೇದಿಕೆಯಿಂದ ಮಾನುಹಾಜಿ ಶಾಲೆಯ ಹಾಡು ಕೇಳಿಸಿತು. ಬೇರೆ ಹಾಡೇ, ಬೇರೆ ರಾಗವೇ. ಇತ್ತಾತ ಮಾತು ಉಳಿಸಿಕೊಂಡಿದ್ದಾಳೆ ಅಂತ ನಿಹಾಲ ಸಮಾಧಾನಪಟ್ಟಳು. ಮುಂಗಾಯಕಿಯ ದನಿ ಒಳ್ಳೇ ತುಂಬಿದ ಕೊಡದ ಹಾಗಿತ್ತು, ಎಲ್ಲೂ ತುಳುಕುತ್ತಿರಲಿಲ್ಲ. ಮುರುಕ್ಕಂ ಶುರುವಾಯಿತು, ಕೊನೆಯ ಸುತ್ತಿಗೆ ಬಂತು.

ಹಾಡು ನಿಂತಿತು.

ಚಪ್ಪಾಳೆಯೂ ನಿಂತಿತು. ಹಲಗೆಯ ಮೇಲೆ ಬರೀ ಹಿಮ್ಮಡಿಗಳ ಸದ್ದು.

ಇನ್ನೂ ಒಂದು ಆಸೆ ಇತ್ತು ನಿಹಾಲಳಿಗೆ. ಆ ಹುಡುಗಿ ಸಾಲು ಮರೆತಿರಬಹುದು, ಮೈಕು ಕೆಟ್ಟಿರಬಹುದು. ಆದರೆ ತಟ್ಟಂ ಮೇಲೆ, ಅವಳ ಭುಜದ ಮೇಲೆ, ಜುಮೈಲಳ ಬೆರಳುಗಳಿದ್ದವಲ್ಲ. ಆ ಬೆರಳುಗಳು ಮೆಲ್ಲಗೆ ತಾಳ ಹಾಕುತ್ತಿದ್ದವು. ಹಾಡು ಎಲ್ಲಿ ವಾಪಸ್ ಬರಬೇಕೋ ಅಲ್ಲಿಗೆ ಒಂದು ಬೆರಳು ಒತ್ತಿತು. ಒತ್ತಿದ ಕ್ಷಣಕ್ಕೇ ಆಚೆ ಹಾಡು ಪಿಸುದನಿಯಲ್ಲಿ ಎದ್ದಿತು, ಕೂಸಿನ ಬೆನ್ನು ತಟ್ಟುವ ಚಪ್ಪಾಳೆ ಎದ್ದಿತು. ಪೆಂಡಾಲು ಕಿತ್ತುಹೋಗುವ ಹಾಗೆ ಜನ ಕೂಗಿದರು.

ತಾನು ಏನು ಮಾಡುತ್ತಿದ್ದೇನೆ ಅಂತ ಬೆರಳಿಗೆ ಗೊತ್ತಿರಲಿಲ್ಲ, ಪಾಪ. ಕಲಿಸಿದ ಬೆರಳು ಅದು, ಅಭ್ಯಾಸಬಲ.

"ಇತ್ತಾತ," ಅಂದಳು ನಿಹಾಲ, ತಿರುಗದೆಯೇ. "ಅದು ನಂದಲ್ವಾ?"

ಬೆರಳುಗಳು ನಿಂತವು. ಆಮೇಲೆ ಇನ್ನೊಂದು ಪಿನ್ನು ಹುಡುಕಿದವು.

"ಹಾಡು ಬೇರೆ ಅಲ್ವೇನೇ ಮೋಳೆ."

"ಉಸಿರು ನಂದು."

"ಉಸಿರಿಗೆ ಯಾರು ಯಜಮಾನರು? ಅಲ್ಲಾಹು ಕೊಟ್ಟಿದ್ದು, ಎಲ್ಲರೂ ತಗೋತಾರೆ."

ಫಿದ ಹೆಣ್ಣಿನ ಒಡವೆಯೆಲ್ಲ ಹೇರಿಕೊಂಡು ಕುರ್ಚಿಯಲ್ಲಿ ಕೂತಿದ್ದವಳು ಎದ್ದೇ ಬಿಟ್ಟಳು. "ಆಣೆ ಮಾಡಿಸಿದ್ದು ಯಾರು ಮತ್ತೆ? ನಮ್ಮ ಬಾಯಿಗೆ ಹೊಲಿಗೆ ಹಾಕಿ ನೀವು ಹೋಗಿ ಅಲ್ಲಿ ಊದಿದ್ರಾ?"

"ಫಿದ, ಕೂತ್ಕೋ. ಒಡವೆ ಬೀಳುತ್ತೆ." ಜುಮೈಲ ನಿಹಾಲಳ ಮುಂದೆ ಬಂದು ಮಂಡಿಯೂರಿ ಕೂತಳು. ದನಿ ಬೆಣ್ಣೆಯಾಗಿತ್ತು, ಅದೇ ಹೆಚ್ಚು ಕೊಯ್ದಿದ್ದು. "ಕೇಳು ಬಂಗಾರ. ಇಲ್ಲಿಂದ ಒಂದೇ ತಂಡ ಜಿಲ್ಲೆಗೆ ಹೋಗೋದು. ನನ್ನ ಕೈಯಲ್ಲಿ ಕಲಿತವರು ಒಂದು ಸಲ ಜಿಲ್ಲೆ ದಾಟಬೇಕು ಅಂತ ನನಗೂ ಆಸೆ ಇರಲ್ವಾ? ನೀನು ನಿಲ್ಲಿಸೋದು ಸುಸ್ತಾಗಿ. ಆ ಹುಡುಗಿ ನಿಲ್ಲಿಸೋದು ಬೇಕೂಂತ. ನೋಡೋರಿಗೆ ಅಷ್ಟು ವ್ಯತ್ಯಾಸ ಸಾಕಾಗುತ್ತೆ. ನಿನ್ನ ಬಾಯಲ್ಲಿ ಅದು ದಮ್ಮು, ಅವಳ ಬಾಯಲ್ಲಿ ಅದು ಕಲೆ. ಬೇಜಾರು ಮಾಡ್ಕೋಬೇಡ."

ಮದುವೆ ಮನೆಯ ನಗು ನೆನಪಾಯಿತು ನಿಹಾಲಳಿಗೆ. ಅವತ್ತು ನಕ್ಕವರಿಗೆ ಗೊತ್ತಿರಲಿಲ್ಲ, ಸರಿ. ಇವಳು ಎಲ್ಲ ಗೊತ್ತಿದ್ದೂ ನಗುತ್ತಿದ್ದಾಳೆ, ಕಣ್ಣಲ್ಲಿ ನೀರಿಟ್ಟುಕೊಂಡು.

"ಇವತ್ತು ಅದನ್ನ ಬಿಟ್ಟುಬಿಡು, ಆಯ್ತಾ? ಬೆನ್ನಿಗೇ ಮಾಡಿದ್ರೆ ಕಾಪಿ ಅಂತಾರೆ. ಪಂಪು ಎರಡು ಸಲ ಎಳ್ಕೊ, ನೇರ ಹಾಡ್ಕೊಂಡು ಹೋಗ್ಬಿಡು. ನನಗೋಸ್ಕರ."

ನನಗೋಸ್ಕರ ಅಂತೆ. ಉಂಡ ಮನೆಯ ಗಳ ಎಣಿಸುವವರಿಗೆ ನಾಚಿಕೆ ಬೇರೆ ಇರುತ್ತಾ.

ಶ್ರೀಜ ಟೀಚರ್ ಬಾಗಿಲಲ್ಲಿ, "ನೆಕ್ಸ್ಟ್ ನೀವೇ, ಬನ್ನಿ," ಅಂದರು. ಹುಡುಗಿಯರು ನಿಹಾಲಳ ಮುಖ ನೋಡಿದರು.

"ಏನೇ ಮಾಡೋದೀಗ?" ಅಂದಳು ಫಿದ.

"ಹೇಳಿದ ಹಾಗೆ ನೇರ ಹಾಡ್ತೀನಿ," ಅಂದಳು ನಿಹಾಲ. ಎರಡು ಹೆಜ್ಜೆ ಹೋದವಳು ತಿರುಗಿದಳು. "ಏನೇ ಆದ್ರೂ ಕಾಲು ನಿಲ್ಲಿಸಬೇಡಿ. ನಾನು ಬರೋವರೆಗೂ."

ಇಷ್ಟಾದ ಮೇಲೂ ಆ ಹುಡುಗಿ ಜುಮೈಲ ಹೇಳಿದ್ದನ್ನ ಕೇಳೋಕೆ ಹೊರಟಳಲ್ಲ ಅಂತ ನೀವು ಕೇಳಬಹುದು. ಕೇಳುತ್ತಾರೆ, ಮಕ್ಕಳು ಹಾಗೇ. ಹೊಡೆದ ಕೈಯನ್ನೇ ಹಿಡಿದುಕೊಂಡು ಅಳೋದು ಮಕ್ಕಳ ಜಾತಿ.

ಚಾಯಲ್ ಚೆನ್ನಾಗಿಯೇ ಹೋಯಿತು. ಅಕ್ಕಿ ಕೇರಿದ ಹಾಗೆ ಹತ್ತು ಮೈಗಳು ಒಟ್ಟಿಗೆ ತೂಗಿದವು, ಫಿದ ತಲೆ ತಗ್ಗಿಸಿ ನಾಚಿಕೊಂಡು ನಕ್ಕಳು, ಒಳಗೆ ಎಷ್ಟೇ ಉರಿಯುತ್ತಿದ್ದರೂ ಹೆಣ್ಣು ನಗಲೇಬೇಕು. ಮುರುಕ್ಕಂ ಹಿಡಿಯಿತು. ಕೊನೆಯ ಸುತ್ತಿನಲ್ಲಿ ಆ ಜಾಗ ಬಂತು, ನಿಹಾಲ ಅದನ್ನ ದಾಟಿಯೇ ಬಿಟ್ಟಳು. ಪರದೆಯ ಪಕ್ಕದಲ್ಲಿ ನಿಂತಿದ್ದ ಜುಮೈಲ ತಲೆಯಾಡಿಸಿದ್ದು ಕಾಣಿಸಿತು, ಶಾಭಾಸ್ ಅನ್ನುವಂತೆ. ಇನ್ನೊಂದು ಸಾಲನ್ನೂ ದಾಟಿದಳು. ಮುಂದಿನ ಸಾಲಿನ ಅರ್ಧಕ್ಕೆ ಎದೆ ಬಾಗಿಲು ಹಾಕಿಕೊಂಡಿತು.

ಇದು ಕಲಿತ ನಿಲುಗಡೆಯಲ್ಲ. ಎಲ್ಲಿ ನಿಲ್ಲಬಾರದೋ ಅಲ್ಲಿ, ಒಂದು ಮಾತಿನ ನಡುಮಧ್ಯದಲ್ಲಿ. ಹುಡುಗಿಯರ ಕೈ ಗಾಳಿಯಲ್ಲಿ ನಿಂತಿತು. ಕಾಲು ನಿಲ್ಲಲಿಲ್ಲ. ಜನರ ನಡುವಿನಿಂದ ಯಾರೋ, "ಕಾಪಿ, ಕಾಪಿ," ಅಂದರು, ನಾಲ್ಕು ಜನ ನಕ್ಕರು. ಹಿಮ್ಮಡಿಗಳು ಬೀಳುತ್ತಲೇ ಇದ್ದವು. ಜುಮೈಲಳ ಕೈ ಪರದೆಯ ಬಟ್ಟೆಯ ಮೇಲೆ ತಾನಾಗಿಯೇ ತಾಳ ಹಾಕತೊಡಗಿತ್ತು. ಹಾಡು ಬರಬೇಕಾದ ಕಡೆ ಅವಳ ಬೆರಳು ಒತ್ತಿತು, ಬಾಯಿಯೂ ತೆರೆಯಿತು. ನಿಹಾಲ ಬರಲಿಲ್ಲ. ಬರೋದಕ್ಕೆ ಇರಲಿಲ್ಲ ಅವಳ ಹತ್ತಿರ ಏನೂ. ಕಾಲುಗಳು ಇನ್ನೊಂದು ಸುತ್ತು ಹೋದವು, ಮತ್ತೊಂದು ಹೋದವು. ನಗುತ್ತಿದ್ದವರು ಸುಮ್ಮನಾದರು. ಪೆಂಡಾಲಿನಲ್ಲಿ ಕೂತವರೂ ಉಸಿರು ಬಿಗಿಹಿಡಿದರು. ಎಲ್ಲೋ ಒಂದು ಕಡೆ ಎದೆಯ ಬಾಗಿಲು ಬಿರುಕು ಬಿಟ್ಟಿತು. ಒಂದು ಎಳೆ ಬಂತು. ಆ ಎಳೆಯಲ್ಲಿ ನಿಹಾಲ ಕಡಿದ ಮಾತಿನ ಉಳಿದರ್ಧವನ್ನ ಹಾಡಿದಳು. ಬೋಗುಣಿ ಕೈಗಳು ಅದರ ಬೆನ್ನು ತಟ್ಟಿದವು.

ಚಪ್ಪಾಳೆ ಬಂತು, ಬರಲಿಲ್ಲ ಅನ್ನುವಂತಿಲ್ಲ. ಆದರೆ ಮೂವರು ತೀರ್ಪುಗಾರರಲ್ಲಿ ಹಿರಿಯರೊಬ್ಬರು ಫಲಿತಾಂಶ ಓದುವಾಗ ಮೈಕಿನಲ್ಲಿ ಎರಡು ಮಾತು ಸೇರಿಸಿದರು. ಮೊದಲ ತಂಡದ ಆ ಮೌನದ ಪ್ರಯೋಗ ತಾವು ಈವರೆಗೆ ಕಾಣದ್ದು, ಅದಕ್ಕೆ ಮೊದಲ ಸ್ಥಾನ. ಎರಡನೇ ತಂಡಕ್ಕೆ ಒಳ್ಳೆಯ ಕಂಠ ಇದೆ, ಆದರೆ ಇನ್ನೊಬ್ಬರದನ್ನ ನೋಡಿ ಅಲ್ಲೇ ಅನುಕರಣೆ ಮಾಡೋದು, ಅದೂ ಹದ ತಪ್ಪಿ, ಬೆಳೆಯುವ ಮಕ್ಕಳಿಗೆ ಒಳ್ಳೆಯ ಅಭ್ಯಾಸವಲ್ಲ.

ಶ್ರೀಜ ಟೀಚರ್ ಎದ್ದು ಏನೋ ಹೇಳೋಕೆ ಹೋದರು. ಏನಂತ ಹೇಳುತ್ತಾರೆ? ಸಾಕ್ಷಿ ಹೇಳಬೇಕಾದವಳು ಮಾನುಹಾಜಿ ಶಾಲೆಯ ಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಟೀಚರ್ ಮತ್ತೆ ಕೂತರು.

ಸ್ವಲ್ಪ ಹೊತ್ತಿಗೆ ಜುಮೈಲ ನೀರಿನ ಬಾಟಲಿ ಹಿಡಿದು ಬಂದಳು. ಹುಡುಗಿಯರೆಲ್ಲ ಮುಖ ತಿರುಗಿಸಿದರು. ನಿಹಾಲ ತಿರುಗಿಸಲಿಲ್ಲ.

"ಮೋಳೆ, ನೀನು ಅದನ್ನ ಅಷ್ಟುದ್ದ ಎಳೆದ್ಯಲ್ಲ," ಅಂದಳು ಜುಮೈಲ. ದನಿಯಲ್ಲಿ ಬೈಗುಳ ಇರಲಿಲ್ಲ, ನಿಜವಾದ ಕುತೂಹಲ ಇತ್ತು. "ಮಾತಿನ ಮಧ್ಯದಲ್ಲಿ ಕಡಿದು. ನನಗೇ ಮೈ ಜುಂ ಅಂತು. ಹೇಗೆ ಲೆಕ್ಕ ಇಟ್ಕೊಂಡೆ ಅದಕ್ಕೆ?"

"ಲೆಕ್ಕ ಇರಲಿಲ್ಲ ಇತ್ತಾತ. ದಮ್ಮು ಅದು."

ಜುಮೈಲ ಬಾಟಲಿಯನ್ನ ಅವಳ ಮಡಿಲಲ್ಲಿಟ್ಟು ಹೋದಳು. ನಿಹಾಲ ಅದರಿಂದ ನೀರು ಕುಡಿಯಲಿಲ್ಲ, ಎಸೆಯಲೂ ಇಲ್ಲ.

ಸಂಜೆ ತೆಕ್ಕುಂಪಾಡದ ಜೀಪು ಹೊರಡುವಾಗ ಹೈಸ್ಕೂಲಿನ ಹಿಂದಿನ ಅಂಗಳ ದಾಟಿ ಹೋಗಬೇಕಿತ್ತು. ಅಲ್ಲಿ ಹಲಸಿನ ಮರದ ಕೆಳಗೆ ಮಾನುಹಾಜಿ ಶಾಲೆಯ ಹುಡುಗಿಯರು ಇನ್ನೂ ವೇಷ ಕಳಚದೆ ನಿಂತಿದ್ದರು. ಜಿಲ್ಲೆಯ ತಯಾರಿ ಆಗಲೇ ಶುರುವಾಗಿತ್ತು. ಜುಮೈಲ ಕೈ ಎತ್ತಿದ್ದಳು. ಹಾಡಿಲ್ಲ, ಚಪ್ಪಾಳೆಯಿಲ್ಲ, ಬರೀ ಕಾಲು. ಜೀಪಿನ ಮುಂದೆ ಯಾವುದೋ ಬ್ಯಾಂಡಿನವರ ವ್ಯಾನು ಅಡ್ಡ ನಿಂತಿತ್ತು, ಅದು ಸರಿಯುವವರೆಗೆ ನಿಹಾಲ ನೋಡಿದಳು. ಸೀಟಿನ ಕೆಳಗೆ ಅವಳ ಹಿಮ್ಮಡಿ ತಾನಾಗಿಯೇ ತಾಳ ಹಾಕಿತು. ಹಳೆಯ ಜಾಗಕ್ಕೆ ಹಾಡು ಬರಲಿಲ್ಲ. ಕಾಲುಗಳು ಇನ್ನೊಂದು ಸುತ್ತು ಹೋದವು, ಮತ್ತೊಂದು ಹೋದವು. ನಿಹಾಲಳ ಎದೆ ಎಲ್ಲಿ ಬಿರುಕು ಬಿಟ್ಟಿತ್ತೋ ಸರಿಯಾಗಿ ಅಲ್ಲಿಗೆ, ಆ ತುಂಬಿದ ಕೊಡದಂಥ ದನಿ, ಮಾತಿನ ಉಳಿದರ್ಧದಿಂದ, ಮೆಲ್ಲಗೆ ಬಂತು.

"ಅದನ್ನೂ ತಗೊಂಡ್ಲಾ!" ಅಂದಳು ಫಿದ.

ನಿಹಾಲ ಕಿಟಕಿಯ ಪರದೆ ಎಳೆದಳು.

ಮನೆಯಲ್ಲಿ ಸಾಬಿರ ಅಡುಗೆಮನೆಯಲ್ಲಿ ಕೂತು ಪತ್ತಿರಿಗೆ ಹಿಟ್ಟು ನಾದುತ್ತಿದ್ದಳು. ಮಗಳ ಮುಖ ನೋಡಿಯೇ ಫಲಿತಾಂಶ ಕೇಳಲಿಲ್ಲ. ಸುಲೈಮಾನಿ ಚಹಾ ಮಾಡಿಕೊಟ್ಟಳು, ಮೇಕಪ್ಪು ತೊಳೆಯೋಕೆ ಬಿಸಿನೀರು ಇಟ್ಟಳು. ಆಮೇಲೆ, ಹಿಟ್ಟಿನ ಮೇಲೆಯೇ ಕಣ್ಣಿಟ್ಟುಕೊಂಡು, "ಆಣೆ ಮುಗೀತು ತಾನೆ? ಈಗಲಾದ್ರೂ ನಂಗೆ ಹಾಡಿ ತೋರಿಸ್ತೀಯಾ, ಆ ಬೇರೆ ಥರದ್ದು?" ಅಂದಳು.

ಊರೆಲ್ಲ ಕೇಳಿದ ಮೇಲೆ ಉಮ್ಮನ ಸರದಿ. ಮೊದಲು ಕೇಳಬೇಕಾದವಳು ಕೊನೆಗೆ. ನಿಹಾಲ ಹಾಡಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಅಡುಗೆಮನೆಯ ನಡುವೆ ನಿಂತು ಶುರುಮಾಡಿದಳು. ಮದರಂಗಿ ಕೆಂಪೇರಿತು, ದೋಣಿ ದಡಕ್ಕೆ ಬಂತು. ಕೊನೆಯ ಸುತ್ತು ಬಂತು. ಮೊದಲ ದಿನ ನಿಂತಿದ್ದ ಅದೇ ಜಾಗದಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ಅವಳದ್ದಾಗಿದ್ದ ಅದೇ ಜಾಗದಲ್ಲಿ, ಹ್ಞಾ, ನಿಲ್ಲಿಸಿದಳು. ಹಿಮ್ಮಡಿ ಸಿಮೆಂಟಿನ ಮೇಲೆ ನಡೆಯಿತು.

ಸಾಬಿರ ಹಿಟ್ಟಿನ ಕೈಯಲ್ಲೇ ಎದ್ದು ಓಡಿಬಂದಳು. "ಮೋಳೆ, ಬಂತಾ? ತಗೋ, ಎಳ್ಕೋ," ಅಂತ ಸೊಂಟದ ಪಂಪು ತೆಗೆದು ಅವಳ ಬಾಯಿಗೆ ಹಿಡಿದಳು.

ಅದು ದಮ್ಮಲ್ಲ ಉಮ್ಮ, ಅದು ಹಾಡು, ಅಂತ ಹೇಳೋಕೆ ನಿಹಾಲ ಬಾಯಿ ತೆರೆದಳು. ಕಾಲು ಇನ್ನೂ ನಡೆಯುತ್ತಿತ್ತು. ಹಾಡು ವಾಪಸ್ ಬರುವ ಜಾಗ ಬಂತು, ಬಾಯಿಗೆ ಬರಲಿಲ್ಲ ಅದು. ಆ ತುಂಬಿದ ಕೊಡದ ದನಿಯೇ ತಲೆಯಲ್ಲಿ ಎದ್ದು ಅವಳ ಸಾಲನ್ನ ಹಾಡಿಕೊಂಡು ಹೋಯಿತು. ನಿಹಾಲಳ ಕಾಲು ನಿಂತುಬಿಟ್ಟಿತು. ಅವಳು ಅಲ್ಲೇ ಉಮ್ಮನ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು.

ಸಾಬಿರಳಿಗೆ ಏನೂ ಗೊತ್ತಾಗಲಿಲ್ಲ. ಉಬ್ಬಸ ಅಂದುಕೊಂಡೇ ಅಂಗೈ ಬಗ್ಗಿಸಿ ಮಗಳ ಬೆನ್ನು ತಟ್ಟುತ್ತ ಕೂತಳು, ಕೂಸಿದ್ದಾಗ ತಟ್ಟುತ್ತಿದ್ದ ಹಾಗೆ. ಕಪ್ಪು ಕುಪ್ಪಾಯದ ಮೇಲೆಲ್ಲ ಅಕ್ಕಿಹಿಟ್ಟಿನ ಬೆರಳು ಮೂಡಿತು.